ಮಾವನ ಅಂಗಡಿಯ ಕಂಪ್ಯೂಟರಿಗೆ ಮಧ್ಯಾಹ್ನದ ಅಪ್‌ಡೇಟ್

ತಿಪಟೂರಿನಲ್ಲಿ ನನ್ನ ಸೋದರಮಾವನದು ಪೈಪು, ಪೇಂಟಿನ ಅಂಗಡಿ. ಅಲ್ಲಿನ ಹಳೆಯ ಕಂಪ್ಯೂಟರಿಗೆ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟವನು ನಾನೇ. ನಾನಿರುವುದು ಬೆಂಗಳೂರಿನಲ್ಲಿ, ಮಾವ ತಾವಾಗಿ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯುವವರಲ್ಲ. ಹಾಗಾಗಿ ಅಪ್‌ಡೇಟುಗಳನ್ನು ತಾನಾಗಿಯೇ ಹಾಕಿಕೊಳ್ಳುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪ್ಯಾಕೇಜ್ ಹಾಕಿದೆ. ಅದರ ಕಾನ್ಫಿಗ್ ಫೈಲಿನಲ್ಲಿ ಸಾಮಾನ್ಯ ಅಪ್‌ಡೇಟುಗಳ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿ ಅದನ್ನು ನಿಷ್ಕ್ರಿಯಗೊಳಿಸಿ, ಭದ್ರತೆಯ ಸಾಲುಗಳನ್ನಷ್ಟೇ ಉಳಿಸಿದೆ. ಡ್ರೈ-ರನ್ (ಏನನ್ನೂ ಬದಲಿಸದ ಪರೀಕ್ಷಾ ಓಟ) ಮಾಡಿ ನೋಡಿ, ಕೆಲಸ ಮುಗಿಯಿತೆಂದು ಬಸ್ಸು ಹತ್ತಿದೆ.

ಮೂರನೆಯ ವಾರ ಫೋನ್ ಬಂತು. "ಬೋಣಿಗೆಯೇ ಆಗಿಲ್ಲ, ನಿನ್ನ ಕಂಪ್ಯೂಟರ್ ತೆವಳುತ್ತಿದೆಯಲ್ಲೋ! ಸ್ವಿಚ್ ಆರಿಸಿಬಿಟ್ಟೆ."

ಎದೆ ಧಸಕ್ಕೆಂದಿತು. ಅಪ್‌ಡೇಟ್ ಕೆಲಸವನ್ನು ದಿನವೂ ಶುರು ಮಾಡುವ ಅಪ್‌ಗ್ರೇಡ್ ಟೈಮರಿನ ಹೊತ್ತು ಬೆಳಿಗ್ಗೆ 6 ಗಂಟೆ, ಜೊತೆಗೆ ಒಂದು ಗಂಟೆಯವರೆಗೆ ತಡವಾಗುವ ಅವಕಾಶ. ಮಾವ ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ. ಟೈಮರಿನಲ್ಲಿ 'ಪರ್ಸಿಸ್ಟೆಂಟ್' (ತಪ್ಪಿದ ಸರದಿಯನ್ನು ಆಮೇಲೆ ನಡೆಸುವ ಆಯ್ಕೆ) ಟ್ರೂ ಆಗಿರುವುದರಿಂದ, ತಪ್ಪಿದ ಸರದಿ ಅಂಗಡಿ ತೆರೆದ ಮೇಲೆ ಗಿರಾಕಿಗಳ ಜೊತೆಗೇ ಬರುತ್ತದೆ. ಅಂದು ಮಾವ ಸ್ವಿಚ್ ಆರಿಸಿದ್ದರಿಂದ ಲಿಬ್ರೆಆಫೀಸಿನ ಅಪ್‌ಡೇಟ್ ಅರ್ಧಕ್ಕೇ ನಿಂತಿತ್ತು. ಅರ್ಧವಾದುದನ್ನು ಪೂರ್ತಿ ಮಾಡುವ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಆದೇಶವನ್ನು ಫೋನಿನಲ್ಲೇ ಹೇಳಿ ಮಾವನಿಂದ ಟೈಪ್ ಮಾಡಿಸಿದೆ. "ಎರಡು ಗೆರೆ ಎಂದರೆ ಒಂದರ ಕೆಳಗೊಂದೋ, ಪಕ್ಕಪಕ್ಕವೋ?" ಎಂದರು. ನ್ಯಾಯವಾದ ಪ್ರಶ್ನೆಯೇ.

ಭಾನುವಾರ ಸಂಜೆ ಹೋಗಿ ಕುಳಿತೆ. ಊಟಕ್ಕೆಂದು ಅರ್ಧ ಷಟರ್ ಎಳೆಯುವುದು ಒಂದೂವರೆಗೆ. ಆಗ ಕಂಪ್ಯೂಟರ್ ಸುಮ್ಮನೆ ಉರಿಯುತ್ತಿರುತ್ತದೆ. ಟೈಮರನ್ನು ತಿದ್ದುವ ಸಿಸ್ಟಮ್‌ಸಿಟಿಎಲ್ ಎಡಿಟ್ ಆದೇಶದ ಮೂಲಕ ಟೈಮರಿಗೆ 13:40 ಬರೆದೆ. ಟೈಮರುಗಳ ಮುಂದಿನ ಸರದಿ ತೋರಿಸುವ ಲಿಸ್ಟ್-ಟೈಮರ್ಸ್ ನೋಡಿದರೆ ಮುಂದಿನ ಸರದಿ ಮತ್ತೆ ಬೆಳಿಗ್ಗೆ 6! ಹೊಸ ಸಮಯ ಹಳೆಯದನ್ನು ಅಳಿಸುವುದಿಲ್ಲ, ಅದರ ಜೊತೆ ಸೇರಿಕೊಳ್ಳುತ್ತದೆ. ಮೊದಲು 'ಆನ್‌ಕ್ಯಾಲೆಂಡರ್=' ಎಂದು ಮುಂದೇನೂ ಇಲ್ಲದ ಸಾಲು ಬರೆದು ಹಳೆಯದನ್ನು ಅಳಿಸಿ, ಅದರ ಕೆಳಗೆ ಹೊಸ ಸಮಯ ಕೊಡಬೇಕು. ಪರ್ಸಿಸ್ಟೆಂಟನ್ನು ಫಾಲ್ಸ್ ಮಾಡಿದೆ. ಹೊಸ ಪ್ಯಾಕೇಜುಗಳ ಪಟ್ಟಿ ತರುವ ಇನ್ನೊಂದು ಟೈಮರಿನಲ್ಲಿದ್ದ 12 ಗಂಟೆಗಳವರೆಗಿನ ತಡವನ್ನೂ ಕಿತ್ತುಹಾಕಿ, ಮಧ್ಯಾಹ್ನ 12ಕ್ಕೆ ಕಟ್ಟಿದೆ.

ಸ್ವಯಂ ರೀಬೂಟ್ ಹಾಕಲಿಲ್ಲ. ಹೊಸ ಕರ್ನಲ್ (ವ್ಯವಸ್ಥೆಯ ತಿರುಳು) ಬಂದರೂ ರೀಬೂಟ್ ಆಗುವವರೆಗೆ ಓಡುವುದು ಹಳೆಯದೇ. ಆದರೆ ದಿನವೂ ಆರಿ ಹೊತ್ತುವ ಯಂತ್ರಕ್ಕೆ ಆ ಚಿಂತೆಯಿಲ್ಲ. ಮೇನ್ ಸ್ವಿಚ್ಚಿಗೆ ಮೊದಲು ಶಟ್‌ಡೌನ್ ಒತ್ತಿ ಎಂದಷ್ಟೇ ಹೇಳಿದ್ದೇನೆ. ಮಾವ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿಕೊಂಡಿದ್ದಾರೆ. ಈಗ ಉಳಿದಿರುವ ದೂರು ಒಂದೇ. ಊಟ ಮುಗಿಸಿ ಬಂದು ಹೊಸ ಟ್ಯಾಬ್ ತೆರೆದರೆ, ಫೈರ್‌ಫಾಕ್ಸ್ ಕೆಲವೊಮ್ಮೆ ತನ್ನನ್ನು ಮತ್ತೆ ಶುರು ಮಾಡಿ ಎನ್ನುತ್ತದಂತೆ.