ಮೆಲನೋಮಾ ತುಣುಕುಗಳ ಮೇಲೆ ಇಮ್ಯುನೊಥೆರಪಿ ಜೋಡಿಗಳನ್ನು ಪರೀಕ್ಷಿಸುವ ಬಗೆ

ಹರಡಿದ ಮೆಲನೋಮಾಗೆ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿದ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಕೋಶಗಳನ್ನು ಹುರಿದುಂಬಿಸುವ ಚಿಕಿತ್ಸೆ) ಜೋಡಿಗಳಲ್ಲಿ ಎರಡು: ನಿವೊಲುಮ್ಯಾಬ್–ಇಪಿಲಿಮುಮ್ಯಾಬ್ (2015), ನಿವೊಲುಮ್ಯಾಬ್–ರೆಲಾಟ್ಲಿಮ್ಯಾಬ್ (2022). ಒಬ್ಬ ರೋಗಿಯ ಗಡ್ಡೆ ಯಾವುದಕ್ಕೆ ಸ್ಪಂದಿಸುತ್ತದೆ ಎಂದು ಲ್ಯಾಬಿನಲ್ಲಿ ನೋಡಲು ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತಂಡ 2021ರಲ್ಲಿ ಪ್ರಕಟಿಸಿದ ತುಣುಕು ವಿಧಾನ ನಂಬಿಕಸ್ತ ದಾರಿ. ಇದು ಸಂಶೋಧನೆಗೆ ಮಾತ್ರ; ಇದನ್ನೇ ನೆಚ್ಚಿ ಚಿಕಿತ್ಸೆ ಬದಲಿಸಬಾರದು. ನೈತಿಕ ಸಮಿತಿಯ ಅನುಮತಿ, ರೋಗಿಯ ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಲಿ.

ಗಡ್ಡೆಯನ್ನು ತಣ್ಣಗಿನ ಮೀಡಿಯಂನಲ್ಲಿ (ಕೋಶಗಳ ಪೋಷಕ ದ್ರವ) ತರಿಸಿ, ಕೊಬ್ಬು ಮತ್ತು ಸತ್ತ ಭಾಗ ತೆಗೆದು, ಹರಿತವಾದ ಸ್ಕಾಲ್ಪೆಲ್‌ನಿಂದ 1–2 ಘನ ಮಿ.ಮೀ. ತುಣುಕು ಮಾಡಿ. ಜಜ್ಜಿದರೆ ಅಂಚಿನ ಕೋಶಗಳು ಸಾಯುತ್ತವೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಹಂಚುವಾಗ. ಗಡ್ಡೆಯ ಒಂದು ಮೂಲೆಯಲ್ಲಿ ಟಿ ಕೋಶಗಳು (ಈ ಔಷಧಗಳು ಹುರಿದುಂಬಿಸುವ ರೋಗನಿರೋಧಕ ಕೋಶಗಳು) ಕಿಕ್ಕಿರಿದಿರುತ್ತವೆ, ಪಕ್ಕದಲ್ಲೇ ಒಂದೂ ಇರದೆ ಹೋಗಬಹುದು. ಒಂದೊಂದು ಭಾಗವನ್ನು ಒಂದೊಂದು ಔಷಧಕ್ಕೆ ಕೊಟ್ಟರೆ ನೀವು ಅಳೆಯುವುದು ಜಾಗದ ವ್ಯತ್ಯಾಸವನ್ನು, ಔಷಧದ್ದನ್ನಲ್ಲ. ಎಲ್ಲವನ್ನೂ ಬೆರೆಸಿದ ಮೇಲೆಯೇ ಪ್ರತಿ ಗುಂಪಿಗೆ 8–12 ತುಣುಕು ಹಂಚಿ. ಗುಂಪುಗಳು ಐದು: ಔಷಧವಿಲ್ಲದ್ದು, ನಿವೊಲುಮ್ಯಾಬ್ ಒಂದೇ, ಎರಡು ಜೋಡಿಗಳು, ಆ್ಯಂಟಿ-ಸಿಡಿ3 (ಟಿ ಕೋಶಗಳನ್ನು ನೇರವಾಗಿ ಎಬ್ಬಿಸುವ ಪ್ರತಿಕಾಯ; ಅವು ಜೀವಂತವಿವೆಯೇ ಎಂದು ನೋಡಲು). ಉಳಿದ ತುಣುಕುಗಳನ್ನು, ಹಿಮದಿಂದ ಕೋಶ ಕಾಯುವ 10% ಡಿಎಂಎಸ್‌ಒ ಬೆರೆಸಿದ ಸೀರಂನಲ್ಲಿ ಫ್ರೀಜ್ ಮಾಡಿ.

96 ಬಾವಿಯ ಪ್ಲೇಟಿನಲ್ಲಿ ಕೊಲಾಜೆನ್–ಮ್ಯಾಟ್ರಿಜೆಲ್ ಮಿಶ್ರಣ (ತುಣುಕನ್ನು ಹಿಡಿದಿಡುವ ಜೆಲ್) 40 ಮೈಕ್ರೊಲೀಟರ್ ಹಾಕಿ 37 ಡಿಗ್ರಿಯಲ್ಲಿ ಗಟ್ಟಿಯಾಗಲು ಬಿಡಿ. ಬಾವಿಗೊಂದು ತುಣುಕಿಟ್ಟು, ಮೇಲೆ ಮತ್ತೆ 40 ಸುರಿಯಿರಿ. ಮ್ಯಾಟ್ರಿಜೆಲ್ ಕೋಣೆಯ ಬಿಸಿಗೇ ಹೆಪ್ಪುಗಟ್ಟುತ್ತದೆ. ಟಿಪ್‌ಗಳೂ ಐಸ್‌ನಷ್ಟು ತಣ್ಣಗಿರಲಿ. ಕೊನೆಗೆ ಔಷಧ ಬೆರೆಸಿದ ಮೀಡಿಯಂ 120. ಒಟ್ಟು 200 ಆಗುವುದರಿಂದ, ಪ್ರತಿ ಮಿ.ಲೀ.ಗೆ 10 ಮೈಕ್ರೊಗ್ರಾಂ ಬೇಕಿದ್ದರೆ ಮೀಡಿಯಂನಲ್ಲಿ 16.7 ಇಡಿ. ಜೆಲ್ ಲೆಕ್ಕ ಬಿಟ್ಟರೆ ಡೋಸ್ ಇಳಿದುಹೋಗುತ್ತದೆ.

48 ಗಂಟೆಯ ನಂತರ ಗುಂಪಿನ ಎಲ್ಲ ಬಾವಿಗಳ ದ್ರವ ಕೂಡಿಸಿ ಇಂಟರ್‌ಫೆರಾನ್ ಗಾಮಾ, ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ, ರೋಗನಿರೋಧಕ ಕೋಶಗಳು ಎಚ್ಚೆತ್ತಾಗ ಏರುವ ಪ್ರೋಟೀನ್‌ಗಳನ್ನು ಅಳೆಯಿರಿ. ತುಣುಕುಗಳನ್ನು ಕರಗಿಸಿ ಸಿಡಿ8 ಕೋಶಗಳ (ಕೊಲ್ಲುವ ಟಿ ಕೋಶಗಳು) ಮೇಲಿನ ಸಿಡಿ137ಅನ್ನು (ಎಚ್ಚೆತ್ತ ಕೋಶದ ಗುರುತು) ಫ್ಲೋ ಸೈಟೋಮೆಟ್ರಿಯಲ್ಲಿ (ಬೆಳಕಿನಿಂದ ಕೋಶಗಳನ್ನು ಒಂದೊಂದಾಗಿ ಎಣಿಸುವ ವಿಧಾನ) ನೋಡಿ. ಕಪ್ಪು ಗಡ್ಡೆಯ ಮೆಲನಿನ್ ಈ ಓದಿಗೆ ಅಡ್ಡಬರುತ್ತದೆ. ಬಣ್ಣ ಹಾಕದ ಮಾದರಿಯನ್ನು ತಪ್ಪದೆ ಇಡಿ.

ಆ್ಯಂಟಿ-ಸಿಡಿ3 ಗುಂಪೂ ಮೌನವಾಗಿದ್ದರೆ ಟಿ ಕೋಶಗಳು ಸತ್ತಿವೆಯೋ, ಇರಲೇ ಇಲ್ಲವೋ ಎಂದು ಫ್ಲೋದಲ್ಲಿ ಎಣಿಸಿ. ಸತ್ತಿದ್ದರೆ ಆ ಪ್ಲೇಟಿನಿಂದ ಯಾವ ತೀರ್ಮಾನವೂ ಬೇಡ. ಇಪಿಲಿಮುಮ್ಯಾಬ್ ಬಗ್ಗೆ ಇನ್ನೂ ಎಚ್ಚರ ಬೇಕು: ಅದರ ಕೆಲಸದ ಒಂದು ಪಾಲು ನಡೆಯುವುದು ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್), ಪ್ಲೇಟಿನಲ್ಲಿ ಅದಿಲ್ಲ. ಇಲ್ಲಿ ಜೋಡಿ ಹೆಚ್ಚೇನೂ ಮಾಡದಿದ್ದರೆ ದೇಹದಲ್ಲೂ ಮಾಡದು ಎಂದು ಬರೆಯಬೇಡಿ.