ಹೆಡರ್ ಟ್ಯಾಂಕ್ ನೀರು ಬೆಚ್ಚಗಾದರೆ ಟೀ ಜಾಯಿಂಟ್ ನೋಡಿ

ಇಂಗ್ಲೆಂಡಿನ ಹಳೇ ಮನೆಗಳಲ್ಲಿ ಓಪನ್ ವೆಂಟ್ ಹೀಟಿಂಗ್ ಇನ್ನೂ ಉಳಿದಿದೆ. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪ್ ಕೋಣೆಗಳ ರೇಡಿಯೇಟರುಗಳಿಗೆ ಹರಿಸಿ ಮನೆ ಬೆಚ್ಚಗಿಡುತ್ತದೆ, ಆ ಪೈಪುಗಳು ಅಟ್ಟದಲ್ಲಿ ಗಾಳಿಗೆ ತೆರೆದುಕೊಂಡಿರುತ್ತವೆ. ರೆಡಿಂಗ್‌ನಲ್ಲಿ ನಾವು ಕೊಂಡ 1970ರ ದಶಕದ ಮನೆಯಲ್ಲೂ ಇದೇ. ಅಟ್ಟದಲ್ಲಿ ಒಂದು ಚಿಕ್ಕ ಹೆಡರ್ ಟ್ಯಾಂಕ್. ಅದರಿಂದ ಕೆಳಗಿಳಿದು ಹೀಟಿಂಗ್ ಪೈಪಿಗೆ ಸೇರುವ 15 ಮಿ.ಮೀ. ತಾಮ್ರದ ಪೈಪು ಕೋಲ್ಡ್ ಫೀಡ್. ಹೀಟಿಂಗ್ ಪೈಪಿನಿಂದ ಮೇಲೆ ಹೋಗಿ, ಟ್ಯಾಂಕಿನ ಮೇಲೆ ಬಾಗಿ, ಬಾಯಿ ತೆರೆದು ನಿಲ್ಲುವ 22 ಮಿ.ಮೀ. ಪೈಪು ವೆಂಟ್. ಬೆಂಗಳೂರಿನ ತಾರಸಿಗಳಲ್ಲಿ ಸೋಲಾರ್ ಹೀಟರಿಗೂ ಇಂಥದ್ದೇ ಏರ್ ವೆಂಟ್ ಇರುತ್ತಲ್ವಾ, ಹಾಗೆ.

ಚಳಿಗಾಲದಲ್ಲಿ ಮಹಡಿಯ ರೇಡಿಯೇಟರುಗಳಿಗೆ ಪದೇ ಪದೇ ಗಾಳಿ ತುಂಬುತ್ತಿತ್ತು. ಗಾಳಿ ಬಿಟ್ಟರೆ ಹಿಂದೆಯೇ ಕಪ್ಪು ನೀರು. ಅಟ್ಟ ಹತ್ತಿ ನೋಡಿದೆ. ಪಂಪ್ ಶುರುವಾದಾಗೆಲ್ಲ ವೆಂಟ್ ಬಾಯಿಂದ ಬಿಸಿನೀರು ಟ್ಯಾಂಕಿಗೆ ಸುರಿಯುತ್ತಿತ್ತು. ಆ ನೀರು ಗಾಳಿ ಹೀರಿಕೊಂಡು ಫೀಡಿನಲ್ಲಿ ವಾಪಸ್ ಇಳಿಯುತ್ತದೆ, ಉಕ್ಕಿನ ರೇಡಿಯೇಟರುಗಳಿಗೆ ಒಳಗಿಂದ ತುಕ್ಕು ಹಿಡಿಸುತ್ತದೆ. ತುಕ್ಕು ಜಾಸ್ತಿಯಾದಷ್ಟೂ ಕೆಸರು ಜಾಸ್ತಿ.

ವೆಂಟಿಗೆ ಕ್ಯಾಪ್ ಹಾಕಿಬಿಡಿ ಎಂದು ಪರಿಚಯದವರೊಬ್ಬರು ಹೇಳಿದರು. ಖಂಡಿತ ಬೇಡ. ಬಾಯ್ಲರ್ ಅತಿಯಾಗಿ ಕಾದರೆ ಒತ್ತಡ ಹೊರಹೋಗಲು ಇರುವ ದಾರಿ ಅದೇ. ಅದರಲ್ಲಿ ಒಂದು ವಾಲ್ವ್ ಕೂಡ ಇರಬಾರದು.

ಬಾಯ್ಲರಿನಿಂದ ಬರುವ ಪೈಪಿನಲ್ಲಿ ಮೊದಲು ವೆಂಟ್, ಆಮೇಲೆ ಫೀಡ್, ಕೊನೆಗೆ ಪಂಪ್ ಬರಬೇಕು. ವೆಂಟ್, ಫೀಡ್ ಎರಡರ ನಡುವೆ 150 ಮಿ.ಮೀ.ಗಿಂತ ಜಾಸ್ತಿ ಅಂತರ ಇರಬಾರದು. ಫೀಡ್ ಸೇರುವ ಜಾಗದಲ್ಲಿ ಪಂಪ್ ಓಡಿದರೂ ನಿಂತರೂ ಒತ್ತಡ ಬದಲಾಗುವುದಿಲ್ಲ. ವೆಂಟ್ ಪಕ್ಕದಲ್ಲೇ ಇದ್ದರೆ ಅಲ್ಲೂ ಹೆಚ್ಚು ಕಡಿಮೆ ಅಷ್ಟೇ ಒತ್ತಡ. ಇವೆರಡರ ಮಧ್ಯೆ ಪೈಪು ಕಟ್ಟಿಕೊಂಡರೆ ಮಾತ್ರ ವೆಂಟಿನಲ್ಲಿ ಒತ್ತಡ ಏರಿ ನೀರು ಮೇಲೆ ಉಕ್ಕುತ್ತದೆ. ನಮ್ಮಲ್ಲಿ ಕ್ರಮ, ಅಂತರ ಎರಡೂ ಸರಿ ಇದ್ದವು. ಹಾಗಾಗಿ ಅನುಮಾನ ಟೀ ಮೇಲೆ, ಅಂದರೆ ಫೀಡ್ ಬಂದು ಸೇರುವ T ಆಕಾರದ ಜಾಯಿಂಟ್ ಮೇಲೆ ಬಂತು. ಒಂದು ಮ್ಯಾಗ್ನೆಟ್ ಹಿಡಿದೆ. ತಾಮ್ರಕ್ಕೆ ಅಂಟದ ಮ್ಯಾಗ್ನೆಟ್ ಫೀಡಿನ ಟೀಗೆ ಗಟ್ಟಿಯಾಗಿ ಅಂಟಿತು. ಅಂದರೆ ಒಳಗೆ ಕಬ್ಬಿಣದ ತುಕ್ಕಿನ ಕೆಸರು ಕೂತಿದೆ ಎಂದರ್ಥ.

ಹೀಟಿಂಗ್ ಆಫ್ ಮಾಡಿ ನೀರು ತಣ್ಣಗಾಗಲು ಬಿಟ್ಟೆ. ಟ್ಯಾಂಕಿಗೆ ಅಡ್ಡ ಕೋಲಿಟ್ಟು ಬಾಲ್ ವಾಲ್ವನ್ನು ಮೇಲಕ್ಕೆ ಕಟ್ಟಿದೆ. ಕೆಳಗಿನ ಡ್ರೈನ್ ಕಾಕಿಗೆ ಹೋಸ್ ಹಾಕಿ, ಮೇಲಿನ ರೇಡಿಯೇಟರುಗಳ ಗಾಳಿ ಸ್ಕ್ರೂ ತೆರೆದು ನೀರು ಖಾಲಿ ಮಾಡಿದೆ. ಟೀ ಕತ್ತರಿಸಿದರೆ ಒಳಗೆ ಕಾಡಿಗೆಯಂಥ ಕೆಸರು. ಫೀಡಿನ ಬಾಯಲ್ಲಿ ಅದು ಕಲ್ಲಾಗಿತ್ತು. ತಂತಿಯಿಂದ ಕೆದಕುವ ಗೋಜಿಗೆ ಹೋಗದೆ ಅಷ್ಟೂ ಭಾಗ ತೆಗೆದು ಹೊಸ ಪೈಪು, ಹೊಸ ಟೀ ಹಾಕಿದೆ. ಬಾಯ್ಲರಿನ ಒಳಗೆ ಕೈಹಾಕಲಿಲ್ಲ. ಅದು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ (ಗ್ಯಾಸ್ ಕೆಲಸ ಮಾಡಲು ನೋಂದಾಯಿತರಾದವರ ಪಟ್ಟಿ) ಇರುವವರ ಕೆಲಸ.

ಕೆಸರು ತೆಗೆಯುವ ಕ್ಲೀನರ್ ಹಾಕಿ ಕೆಲ ದಿನ ಓಡಿಸಿ, ಮತ್ತೆ ಖಾಲಿ ಮಾಡಿ ತೊಳೆದು, ಟ್ಯಾಂಕಿನ ಮೂಲಕವೇ ತುಕ್ಕು ತಡೆಯುವ ಇನ್ಹಿಬಿಟರ್ ಸೇರಿಸಿದೆ. ಟ್ಯಾಂಕನ್ನು ಸುಮ್ನೆ ತುಂಬಾ ತುಂಬಿಸಬೇಡಿ. 10 ಡಿಗ್ರಿಯ 100 ಲೀಟರ್ ನೀರು 80 ಡಿಗ್ರಿಗೆ ಕಾದರೆ ಸುಮಾರು 3 ಲೀಟರ್ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ತಣ್ಣಗಿದ್ದಾಗ ತಳದಿಂದ 100 ಮಿ.ಮೀ. ನೀರು ನಿಲ್ಲುವ ಹಾಗೆ ಬಾಲ್ ವಾಲ್ವ್ ಬಗ್ಗಿಸಿದ್ದೇನೆ. ಪಂಪಿನ ವೇಗವನ್ನೂ ಒಂದು ಹಂತ ಇಳಿಸಿದೆ. ಈಗ ಹೀಟಿಂಗ್ ಓಡುವಾಗಲೂ ವೆಂಟಿನಿಂದ ಒಂದು ಹನಿ ಬೀಳುವುದಿಲ್ಲ. ಬಾಯ್ಲರಿಗೆ ಮರಳುವ ಪೈಪಿಗೆ ಒಂದು ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸುವುದು ಬಾಕಿ ಇದೆ.