ಕಾಲಿಂಗ್ ಬೆಲ್ ಬಿಚ್ಚಿ ಹಾರ್ಡ್‌ವೇರ್ ಹ್ಯಾಕಿಂಗ್ ಕಲ್ತಿದ್ದು

ಹಾರ್ಡ್‌ವೇರ್ ಹ್ಯಾಕಿಂಗ್ (ಸಾಮಾನು ಬಿಚ್ಚಿ ಅದು ಒಳಗೆ ಹೇಗೆ ಕೆಲ್ಸ ಮಾಡುತ್ತೆ ಅಂತ ಪತ್ತೆ ಹಚ್ಚೋದು) ಕಲೀಬೇಕು ಅಂದ್ರೆ ಎಲ್ರೂ ಹಳೇ ವೈಫೈ ರೂಟರ್ ಬಿಚ್ಚಿ ಅಂತಾರೆ, ನಾನು ಶುರು ಮಾಡಿದ್ದು ಬೆಂಗ್ಳೂರಿನ ಎಸ್‌ಪಿ ರೋಡಲ್ಲಿ ತಗೊಂಡ ಅಗ್ಗದ ವೈರ್‌ಲೆಸ್ ಕಾಲಿಂಗ್ ಬೆಲ್‌ನಿಂದ, ಯಾಕಂದ್ರೆ ರೂಟರ್ ಥರ ಅದ್ರಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮೂ ಇಲ್ಲ ಪಾಸ್‌ವರ್ಡೂ ಇಲ್ಲ, ಇರೋದು ಒಂದೇ ಬಟನ್. ಸುಟ್ಟೋದ್ರೂ ಮನೇಲಿ ಯಾರೂ ಬೈಯಲ್ಲ.

ಬಟನ್ ಇರೋ ಭಾಗ ಬಿಚ್ಚಿದ್ರೆ 12 ವೋಲ್ಟಿನ ಪುಟಾಣಿ 23ಎ ಬ್ಯಾಟರಿ, ಎಂಟು ಕಾಲಿನ ಒಂದು ಐಸಿ (ಚಿಪ್), ಆಮೇಲೆ ಆರ್433 ಅಂತ ಬರೆದಿರೋ ದುಂಡನೆ ಲೋಹದ ಡಬ್ಬಿ. ಆ ಡಬ್ಬೀನೇ ರೆಸೊನೇಟರ್, ಫ್ರೀಕ್ವೆನ್ಸಿ 433.92 ಮೆಗಾಹರ್ಟ್ಸ್‌ನಿಂದ ಆಚೀಚೆ ಹೋಗದ ಹಾಗೆ ಹಿಡಿದಿಡೋದು ಅದರ ಕೆಲ್ಸ. ಐಸಿ ಮೇಲೆ 1527 ಅಂತಿತ್ತು, ಅದರ ಡೇಟಾಶೀಟ್ (ಚಿಪ್ಪಿನ ವಿವರ ಇರೋ ಕಂಪನಿ ಕಾಗದ) ತೆಗೆದ್ರೆ ಅರ್ಧ ಗುಟ್ಟು ಅಲ್ಲೇ ರಟ್ಟು: ಫ್ಯಾಕ್ಟರೀಲೇ ಬರೆದ 20 ಬಿಟ್ (ಒಂದೊಂದೂ 0 ಇಲ್ಲಾ 1) ನಂಬರ್, ಅದರ ಹಿಂದೆಯೇ ಯಾವ ಬಟನ್ ಅಂತ ಹೇಳೋಕೆ 4 ಬಿಟ್.

ಈ ನಂಬರನ್ನ ಗಾಳೀಲೇ ಹಿಡಿಯೋಣ ಅಂತ ಕಂಪ್ಯೂಟರ್‌ನ ಯುಎಸ್‌ಬಿಗೆ ಚುಚ್ಚೋ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತಗೊಂಡೆ. ಮೂಲದಲ್ಲಿ ಇದು ಕಂಪ್ಯೂಟರಲ್ಲಿ ಟಿವಿ ನೋಡೋಕೆ ಮಾಡಿದ್ದು, 2012ರ ಹೊತ್ತಿಗೆ ಇದನ್ನೇ ಅಗ್ಗದ ರೇಡಿಯೋ ರಿಸೀವರ್ ಮಾಡ್ಕೊಳ್ಳೋ ದಾರಿ ಜನ ಕಂಡ್ಕೊಂಡಿದ್ರು. ಸಿಗ್ನಲ್ ರೆಕಾರ್ಡ್ ಮಾಡಿ ಯೂನಿವರ್ಸಲ್ ರೇಡಿಯೋ ಹ್ಯಾಕರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿ ನೋಡಿದ್ರೆ ಮಾಡ್ಯುಲೇಶನ್ (ರೇಡಿಯೋ ಅಲೆ ಮೇಲೆ ಮಾಹಿತಿ ಕೂರಿಸೋ ರೀತಿ) ಅನ್ನೋದು ಇಲ್ಲಿ ಬರೀ ಕ್ಯಾರಿಯರ್ (ಅಂದ್ರೆ ಆ ಅಲೆ) ಆನ್, ಕ್ಯಾರಿಯರ್ ಆಫ್, ಅಷ್ಟೇ. ಆನ್ ಚಿಕ್ಕದಿದ್ದು ಆಫ್ ಅದರ ಮೂರರಷ್ಟಿದ್ರೆ 0, ಉಲ್ಟಾ ಇದ್ರೆ 1, ಒಂದು ಕೋಡ್ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಆ ಚಿಕ್ಕ ಆನ್‌ನ 31ರಷ್ಟು ಉದ್ದ ಖಾಲಿ. ಪೆನ್ಸಿಲ್ ತಗೊಂಡು 24 ಬಿಟ್ಟೂ ಪೇಪರಲ್ಲಿ ಬರ್ಕೊಂಡೆ. ಆರ್‌ಟಿಎಲ್_433 ಅನ್ನೋ ಟೂಲ್ ಇದೆ, ಅದೇ ಡೀಕೋಡ್ ಮಾಡ್ಕೊಡುತ್ತೆ, ಆದ್ರೆ ಮೊದಲನೇ ಸಲ ಅದನ್ನ ಮುಟ್ಬೇಡಿ ಅಂತೀನಿ, ಉತ್ತರ ಮಾತ್ರ ಕೈಗೆ ಬಂದ್ರೆ ಏನ್ ಬಂತು.

ಆಮೇಲೆ ಆರ್ಡುಯಿನೋ ಅನ್ನೋ ಪುಟ್ಟ ಪ್ರೋಗ್ರಾಮ್ ಮಾಡೋ ಬೋರ್ಡಿಗೆ 433ರ ಟ್ರಾನ್ಸ್‌ಮಿಟರ್ ಮಾಡ್ಯೂಲ್ ಸೇರಿಸಿ, ಇಂಥ ಸಿಗ್ನಲ್ ಕಳ್ಸೋಕೆ ಸಿಗೋ ರೆಡಿಮೇಡ್ ಕೋಡ್ ಆರ್‌ಸಿ-ಸ್ವಿಚ್ ಲೈಬ್ರರೀಲಿ ಪ್ರೊಟೊಕಾಲ್ 1 (ಮೇಲೆ ಹೇಳಿದ ಆನ್-ಆಫ್ ಲೆಕ್ಕವೇ) ಇಟ್ಟು ಅದೇ ನಂಬರ್ ಕಳ್ಸಿದೆ, ಬೆಲ್ ಹೊಡ್ಕೊಳ್ತು, ಅಮ್ಮ ಬಾಗ್ಲು ತೆಗೆಯೋಕೆ ಎದ್ರು! ನಂಬರ್ ಯಾವತ್ತೂ ಬದಲಾಗಲ್ಲ, ಎನ್‌ಕ್ರಿಪ್ಶನ್ ಇಲ್ಲ, ಒಂದ್ಸಲ ಕೇಳಿಸ್ಕೊಂಡೋರು ಯಾರು ಬೇಕಾದ್ರೂ ಹೊಡೀಬಹುದು. ಬೆಲ್ಲಿಗೆ ನಡೆಯುತ್ತೆ ಬಿಡಿ, ಅಗ್ಗದ ಗೇಟ್ ರಿಮೋಟು, ಕಳ್ಳರ ಅಲಾರಂ ಸೆನ್ಸರ್‌ಗಳಲ್ಲೂ ಇದೇ ಚಿಪ್ ಇರುತ್ತಲ್ಲ, ಅದು ತಲೆನೋವು. (ಪಕ್ಕದ ಮನೆ ಗೇಟಿನ ಮೇಲೆ ಪ್ರಯೋಗ ಬೇಡ, ನಿಮ್ದೇ ಸಾಮಾನು ಸಾಕು.)

ಈಗ ಎಚ್‌ಸಿಎಸ್301 ಅನ್ನೋ ಚಿಪ್ ಇರೋ ರಿಮೋಟ್ ಹಿಡ್ಕೊಂಡು ಕೂತಿದೀನಿ, ಇದು ರೋಲಿಂಗ್ ಕೋಡ್, ಅಂದ್ರೆ ಒತ್ತಿದಾಗೆಲ್ಲ ಕೋಡ್ ಬದಲಾಗುತ್ತೆ. ಒಂದೇ ಬಟನ್ ಎರಡು ಸಲ ಒತ್ತಿ ಹೋಲಿಸಿದ್ರೆ 66 ಬಿಟ್ಟಲ್ಲಿ ಸೀರಿಯಲ್ ನಂಬರ್ ಹಾಗೇ ಇರುತ್ತೆ, ಎನ್‌ಕ್ರಿಪ್ಟ್ ಆಗಿರೋ 32 ಬಿಟ್ಟಿನ ಭಾಗ ಮಾತ್ರ ಪ್ರತಿ ಸಲ ಬೇರೆ. ಹಳೇ ಕೋಡ್ ವಾಪಸ್ ಕಳ್ಸಿದ್ರೆ ರಿಸೀವರ್ ಕ್ಯಾರೇ ಅನ್ನಲ್ಲ.